ಗಾಳಿಯೇ ಸ್ವಿಚ್ಚಾದಾಗ

ನಿಮ್ಮ ಹೊಲದ 5 ಎಚ್‌ಪಿ ಮೋಟರು ಒಂದೂವರೆ ಗಂಟೆ ಓಡಿದರೆ ಎಷ್ಟು ಕರೆಂಟು ಖರ್ಚಾಗುತ್ತದೆ? ಸುಮಾರು ಐದೂವರೆ ಯೂನಿಟ್. ಈರುಳ್ಳಿಯ ಕೆಲವು ಮಡಿಗಳಿಗೆ ನೀರು ಹಾಯುತ್ತದೆ, ಅಷ್ಟೇ. ಅದರಿಂದ ಭೂಮಿ ನಡುಗುವುದಿಲ್ಲ, ಸೂರ್ಯ ಹುಟ್ಟುವುದಿಲ್ಲ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯವಿದೆ. ಅಲ್ಲಿ ‘ಜೆಡ್’ ಎಂಬ ಯಂತ್ರವಿದೆ. ಒಂದು ಪ್ರಯೋಗಕ್ಕೆ ಅದು ಕೂಡಿಟ್ಟುಕೊಳ್ಳುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ, ಸುಮಾರು 2 ಕೋಟಿ ಜೂಲ್. ಮೋಟರಿನ ಒಂದೂವರೆ ಗಂಟೆಯ ಲೆಕ್ಕ. ಆದರೆ ಕೊನೆಗೆ ಯಂತ್ರದ ನಡುವಿಗೆ ತಲುಪುವ ಪಾಲನ್ನು ಅದು ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿದರೆ ಸಿಗುವ ಒಂದೇ ಚೂರಿನಷ್ಟು ಹೊತ್ತಿನಲ್ಲಿ ಹೊರಗೆ ಬಿಡುತ್ತದೆ. ನಿಮ್ಮ ಮೋಟರು ಎಳೆಯುವುದು ಏಳೆಂಟು ಆಂಪಿಯರ್. ಜೆಡ್ ಯಂತ್ರದ ನಡುವೆ ಆ ಗಳಿಗೆಯಲ್ಲಿ ಹರಿಯುವುದು 2.6 ಕೋಟಿ ಆಂಪಿಯರ್.

ಮಳೆಗಾಲವೆಲ್ಲ ಹಳ್ಳದ ನೀರು ಸೇರಿ ಕೆರೆ ತುಂಬುತ್ತದೆ. ಅದೇ ನೀರು ತೂಬಿನಲ್ಲಿ ಹರಿದರೆ ಗದ್ದೆ ಬೆಳೆಯುತ್ತದೆ, ಏರಿ ಒಡೆದು ಹರಿದರೆ ಊರು ಕೊಚ್ಚಿಹೋಗುತ್ತದೆ. ನೀರು ಅಷ್ಟೇ ಇದೆ, ಹರಿಯುವ ಹೊತ್ತು ಮಾತ್ರ ಬೇರೆ. ವಿಜ್ಞಾನಿಗಳು ಇದನ್ನು ‘ಪಲ್ಸ್ಡ್ ಪವರ್’ ಅನ್ನುತ್ತಾರೆ. ನಿಧಾನವಾಗಿ ತುಂಬಬೇಕು, ಒಂದೇ ಏಟಿಗೆ ಬಿಡಬೇಕು.

ತುಂಬುವುದಕ್ಕೂ ಬಿಡುವುದಕ್ಕೂ ನಡುವೆ ಒಂದು ಬಾಗಿಲು ಬೇಕಲ್ಲ? ಆ ಬಾಗಿಲು ಕಬ್ಬಿಣದ್ದೂ ಅಲ್ಲ, ತಾಮ್ರದ್ದೂ ಅಲ್ಲ. ಅದು ಗಾಳಿ, ಇಲ್ಲವೆ ಗಾಳಿಯಂಥ ಇನ್ನೊಂದು ಅನಿಲ. ಈ ಬರಹ ಆ ಬಾಗಿಲಿನ ಬಗ್ಗೆ.

‘ತಾಲ್ಲೂಕು ಪಂಚಾಯಿತಿ ಸಭೆ, ಮಂಡಿ ದರ, ಚಿರತೆ ಹಾವಳಿ ಬರೆಯುವ ನಿನಗೆ ಇದೆಲ್ಲ ಯಾಕೆ?’ ಎಂದು ನೀವು ಕೇಳಬಹುದು. ನಾನು ಜಿಲ್ಲಾ ಸ್ಟ್ರಿಂಗರ್. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ, ಕೈಯಲ್ಲೊಂದು ಫೋನು, ಕೆಳಗೊಂದು ಬೈಕು. ಅಚ್ಚಾದ ಸುದ್ದಿಗೆ ಮಾತ್ರ ದುಡ್ಡು. ಎರಡು ಬೇಸಿಗೆ ಹಿಂದೆ ಲೋಡ್ ಶೆಡ್ಡಿಂಗ್ ಸುದ್ದಿಗೆಂದು ಒಂದು ಸಬ್‌ಸ್ಟೇಷನ್ನಿಗೆ ಹೋಗಿದ್ದೆ. ಅಲ್ಲಿನ ಆಪರೇಟರ್ ಅಂಗಳದಲ್ಲಿದ್ದ ಬ್ರೇಕರಿನ ಗಡಿಯಾರದಂಥ ಮೀಟರು ನೋಡಿ ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡರು. ‘ಇದೇನು ಸಾರ್?’ ಅಂದೆ. ‘ಗ್ಯಾಸ್ ಪ್ರೆಶರ್. ಒಳಗೆ ಎಸ್‌ಎಫ್-6 ಗ್ಯಾಸ್ ಇದೆ. ಅದು ಇಳಿದರೆ ಬ್ರೇಕರ್ ಕೆಲಸಕ್ಕೆ ಬರಲ್ಲ’ ಅಂದರು.

ಲೋಡ್ ಶೆಡ್ಡಿಂಗ್ ಸುದ್ದಿ ಆರು ಸಾಲಿಗೆ ಇಳಿದು ಒಳಪುಟದಲ್ಲಿ ಬಂತು. ಆದರೆ ಸ್ವಿಚ್ಚಿನೊಳಗೆ ಗ್ಯಾಸ್ ಯಾಕೆ ಎಂಬ ಪ್ರಶ್ನೆ ತಲೆಯಲ್ಲೇ ಉಳಿಯಿತು. ರಾತ್ರಿ ಹೊತ್ತು ಫೋನಿನಲ್ಲೇ ಓದುತ್ತಾ ಹೋದೆ. ಸಬ್‌ಸ್ಟೇಷನ್ನಿನ ಬ್ರೇಕರಿನಿಂದ ಹಿಡಿದ ದಾರಿ ಜೆಡ್ ಯಂತ್ರದವರೆಗೂ ಕರೆದುಕೊಂಡು ಹೋಯಿತು. ದಾರಿಯುದ್ದಕ್ಕೂ ನನಗೆ ಮೇಷ್ಟ್ರಾದವರು ನಮ್ಮ ಮಾವ. ಲೈನ್‌ಮನ್ ಆಗಿ ಮೂವತ್ತು ವರ್ಷ ಕಂಬ ಹತ್ತಿಳಿದು ಈಗ ನಿವೃತ್ತರಾಗಿದ್ದಾರೆ. ಅವರಿಗೆ ಪ್ಲಾಸ್ಮಾ ಗೊತ್ತಿಲ್ಲ, ಗಾಳಿ ಗೊತ್ತು.

ಮೊದಲು ಗಾಳಿಯ ವಿಷಯ. ಗಾಳಿಯಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಕಂಬದ ಮೇಲಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆಯಿಲ್ಲ, ಸುತ್ತಲಿನ ಗಾಳಿಯೇ ಹೊದಿಕೆ. ಆದರೆ ಆ ಗಾಳಿಯ ತಾಳ್ಮೆಗೆ ಒಂದು ಮಿತಿಯಿದೆ. ನಯವಾದ ಎರಡು ಲೋಹದ ಮುಖಗಳ ನಡುವೆ ಒಂದು ಸೆಂಟಿಮೀಟರ್ ಗಾಳಿಯಿದ್ದರೆ ಅದು ಸುಮಾರು 30,000 ವೋಲ್ಟ್ ತಡೆಯುತ್ತದೆ. ಅದನ್ನು ಮೀರಿದರೆ ಕಿಡಿ ಹಾರುತ್ತದೆ.

ಕಿಡಿ ಹಾರುವುದು ಹೇಗೆ? ನಮ್ಮಲ್ಲಿ ಗಾಳಿಮಾತು ಹಬ್ಬುವ ಹಾಗೆ. ಗಾಳಿಯಲ್ಲಿ ಎಲ್ಲೋ ಒಂದು ಬಿಡಿ ಎಲೆಕ್ಟ್ರಾನ್ ಅಲೆಯುತ್ತಿರುತ್ತದೆ. ವೋಲ್ಟೇಜು ಹೆಚ್ಚಾದರೆ ಅದು ಓಡತೊಡಗುತ್ತದೆ. ಓಡುತ್ತಾ ಒಂದು ಅಣುವಿಗೆ ಡಿಕ್ಕಿ ಹೊಡೆದು ಅದರಿಂದ ಇನ್ನೊಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಈಗ ಎರಡು. ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೇಳಿದ ಮಾತು ಸಂಜೆಯೊಳಗೆ ಊರಿಗೆಲ್ಲ ಹಬ್ಬಿದಂತೆ, ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಗಾಳಿಯಲ್ಲಿ ಕರೆಂಟಿಗೆ ಒಂದು ದಾರಿ ಬಿಡುತ್ತದೆ. ಕಾದು ಬಿರಿದ ಆ ಗಾಳಿಯೇ ಪ್ಲಾಸ್ಮಾ. ಸಿಡಿಲು ಕೂಡ ಇದೇ.

1889ರಲ್ಲಿ ಜರ್ಮನಿಯ ಫ್ರೆಡ್ರಿಕ್ ಪಾಶನ್ ಇದಕ್ಕೊಂದು ಲೆಕ್ಕ ಕಂಡುಕೊಂಡರು. ಕಿಡಿ ಹಾರುವ ವೋಲ್ಟೇಜು ಬರೀ ದೂರದಿಂದ ತೀರ್ಮಾನವಾಗುವುದಿಲ್ಲ, ಬರೀ ಒತ್ತಡದಿಂದಲೂ ಅಲ್ಲ. ದೂರವನ್ನು ಒತ್ತಡದಿಂದ ಗುಣಿಸಿದರೆ ಬರುವ ಸಂಖ್ಯೆಯ ಮೇಲೆ ನಿಂತಿದೆ. ಅಂದರೆ ದೂರ ಅರ್ಧ ಮಾಡಿ ಒತ್ತಡ ಎರಡು ಪಟ್ಟು ಮಾಡಿದರೆ ತಡೆಯುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಗ್ಯಾಸ್ ಸ್ವಿಚ್ ಮಾಡುವವರೆಲ್ಲ ಇಂದಿಗೂ ಮೊದಲು ಹಾಕುವ ಲೆಕ್ಕ ಇದು. ಸಬ್‌ಸ್ಟೇಷನ್ ಆಪರೇಟರ್ ದಿನವೂ ಒತ್ತಡ ಬರೆದುಕೊಳ್ಳುವುದೂ ಇದಕ್ಕೇ. ಬ್ರೇಕರಿನೊಳಗಿನ ದೂರ ಬದಲಾಗುವುದಿಲ್ಲ, ಗ್ಯಾಸ್ ಸೋರಿದರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ತಡೆಯುವ ಶಕ್ತಿಯೂ ಇಳಿಯುತ್ತದೆ.

ಇದನ್ನು ಓದಿ ಮಾವನ ಹತ್ತಿರ ಹೋದೆ. ‘ಮಾವ, ಲೆಕ್ಕದ ಪ್ರಕಾರ 11 ಕೆವಿ ಲೈನಿಗೆ ಅರ್ಧ ಸೆಂಟಿಮೀಟರ್ ಗಾಳಿ ಇದ್ದರೆ ಸಾಕಲ್ಲ? ಮತ್ತೆ ಜಿಒಎಸ್ ಬ್ಲೇಡು ಅಷ್ಟು ಅಗಲ ಯಾಕೆ ತೆಗೀತವೆ?’ ಅಂದೆ.

ಜಿಒಎಸ್ ಅಂದರೆ ಟಿಸಿ ಕಂಬದ ಮೇಲಿರುವ ಸ್ವಿಚ್ಚು. ಕೆಳಗೆ ಉದ್ದನೆಯ ಪೈಪಿಗೆ ಹಿಡಿಕೆ ಇರುತ್ತದಲ್ಲ, ಅದು. ಏರ್ ಬ್ರೇಕ್ ಸ್ವಿಚ್ ಅಂತಲೂ ಹೇಳುತ್ತಾರೆ. ಹಿಡಿಕೆ ಎಳೆದರೆ ಮೇಲೆ ಮೂರು ಬ್ಲೇಡುಗಳು ಒಟ್ಟಿಗೆ ಬಾಯಿ ಬಿಡುತ್ತವೆ. ಆ ತೆರೆದ ಜಾಗದಲ್ಲಿ ಇರುವುದು ಬರೀ ಗಾಳಿ.

ಮಾವ ನಕ್ಕರು. ‘ಲೆಕ್ಕ ಬರೆದವನು ಮಳೆ ನೋಡಿಲ್ಲ ಕಣೋ. ಮಳೆ ಬರುತ್ತೆ, ಧೂಳು ಕೂರುತ್ತೆ, ಕಾಗೆ ತಂತಿ ತಂದು ಗೂಡು ಕಟ್ಟುತ್ತೆ, ಸಿಡಿಲು ಹೊಡೆಯುತ್ತೆ. ಒಳ್ಳೆ ದಿನಕ್ಕೆ ಲೆಕ್ಕ ಹಾಕಬಾರದು, ಕೆಟ್ಟ ದಿನಕ್ಕೆ ಹಾಕಬೇಕು.’

ಮಾವ ಹೇಳಿದ್ದು ಎಂಜಿನಿಯರುಗಳ ನಿಯಮವೂ ಹೌದು. 11 ಕೆವಿ ಲೈನಿಗೆ ಹಾಕುವ ಸಾಧನಗಳು ಸಾಮಾನ್ಯವಾಗಿ 75 ಕೆವಿಯ ಸಿಡಿಲಿನಂಥ ಏಟನ್ನು ತಡೆಯಬೇಕು, ಅದಕ್ಕೆ ಪರೀಕ್ಷೆ ಇದೆ. ಲೋಹದ ತುದಿ ಚೂಪಾಗಿದ್ದರೆ ಕಿಡಿ ಬೇಗ ಹಾರುತ್ತದೆ. ಆದ್ದರಿಂದ ಓದುಗರೇ, ಅರ್ಧ ಸೆಂಟಿಮೀಟರ್ ಲೆಕ್ಕ ಪ್ರಯೋಗಾಲಯದ ನಯವಾದ ಲೋಹಕ್ಕೆ. ಮರದ ಮೇಲಿನ ಒದ್ದೆ ಕೈಗಲ್ಲ, ಬೋರಿನಿಂದ ಎತ್ತುತ್ತಿರುವ ಪೈಪಿಗೂ ಅಲ್ಲ.

ಈಗ ಜೆಡ್ ಯಂತ್ರಕ್ಕೆ ಬರೋಣ. ಸುಮಾರು 33 ಮೀಟರ್ ಅಗಲದ ದುಂಡನೆಯ ಯಂತ್ರ, ಗಾಡಿಯ ಗಾಲಿಯಂತೆ. ಗಾಲಿಯ ಅಂಚಿನಿಂದ ಗುಂಬದ ಕಡೆಗೆ 36 ಕೀಲುಗಳು ಬಂದು ಸೇರಿದಂತೆ, ಹೊರಗಿನಿಂದ ನಡುವಿಗೆ 36 ದಾರಿಗಳಲ್ಲಿ ಕರೆಂಟು ಬರುತ್ತದೆ. ಪ್ರತಿ ದಾರಿಯ ಹೊರತುದಿಯಲ್ಲಿ 60 ಕೆಪಾಸಿಟರುಗಳ ಒಂದು ಗುಂಪು. ಒಟ್ಟು 2,160.

ಮೋಟರಿನ ಸ್ಟಾರ್ಟರ್ ಡಬ್ಬಿಯ ಕಂಡೆನ್ಸರ್ ನೋಡಿದ್ದೀರಲ್ಲ, ಕೆಪಾಸಿಟರ್ ಎಂದರೆ ಅದೇ ಜಾತಿಯದು, ಇದು ದೊಡ್ಡದು. ಇವನ್ನೆಲ್ಲ ಪಕ್ಕಪಕ್ಕ ನಿಲ್ಲಿಸಿ ನಿಧಾನವಾಗಿ, ಒಂದೊಂದನ್ನೂ 85,000 ವೋಲ್ಟ್ ಆಸುಪಾಸಿಗೆ ತುಂಬುತ್ತಾರೆ. ಆಮೇಲೆ ಬ್ಯಾಟರಿ ಲೈಟಿನಲ್ಲಿ ಸೆಲ್ಲು ಹಾಕಿದ ಹಾಗೆ ಒಂದರ ಹಿಂದೊಂದು ಜೋಡಿಸಿಬಿಟ್ಟರೆ 60 ಸೇರಿ 50 ಲಕ್ಷ ವೋಲ್ಟ್ ಆಗುತ್ತದೆ. ಈ ಉಪಾಯವನ್ನು 1920ರ ದಶಕದಲ್ಲಿ ಕಂಡುಹಿಡಿದವರು ಜರ್ಮನಿಯ ಎರ್ವಿನ್ ಮಾರ್ಕ್ಸ್. ಅದಕ್ಕೇ ಇದಕ್ಕೆ ಮಾರ್ಕ್ಸ್ ಜನರೇಟರ್ ಎಂದು ಹೆಸರು. ಪಕ್ಕಪಕ್ಕ ಇದ್ದದ್ದನ್ನು ಗಳಿಗೆಯಲ್ಲಿ ಒಂದರ ಹಿಂದೊಂದು ಜೋಡಿಸುವವರು ಯಾರು? ಅಲ್ಲೂ ಕಿಡಿಯೇ, ಅಲ್ಲೂ ಗ್ಯಾಸ್ ಸ್ವಿಚ್ಚೇ.

ಮಾರ್ಕ್ಸ್ ಜನರೇಟರಿನಿಂದ ಹೊರಟದ್ದು ಒಂದು ದೊಡ್ಡ ನೀರಿನ ಕೆಪಾಸಿಟರಿಗೆ ಬಂದು ತುಂಬುತ್ತದೆ. ನೀರೆಂದರೆ ಉಪ್ಪು, ಖನಿಜ ಎಲ್ಲ ತೆಗೆದ ಶುದ್ಧ ನೀರು. ಅದು ತುಂಬಿದ ಹೊತ್ತಿಗೆ ಸರಿಯಾಗಿ ಮುಂದಿನ ಬಾಗಿಲು ತೆರೆಯಬೇಕು. ಆ ಬಾಗಿಲೇ ನಮ್ಮ ಕಥಾನಾಯಕ, ಒಂದು ದಾರಿಗೆ ಒಂದರಂತೆ 36 ಗ್ಯಾಸ್ ಸ್ವಿಚ್ಚುಗಳು.

ಇಲ್ಲಿ ಬ್ಲೇಡು ಎಳೆಯುವ ಸ್ವಿಚ್ಚು ಯಾಕೆ ಆಗುವುದಿಲ್ಲ? ಎರಡು ಕಾರಣ. ಒಂದು, ಲೋಹ ಚಲಿಸುವುದಕ್ಕೆ ಹೊತ್ತು ಬೇಕು. ಎಷ್ಟೇ ಚುರುಕಿನ ಬ್ರೇಕರಾದರೂ ಸೆಕೆಂಡಿನ ನೂರನೇ ಕೆಲವು ಭಾಗ ತೆಗೆದುಕೊಳ್ಳುತ್ತದೆ. ಇಲ್ಲಿ ಅಷ್ಟರಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ. ಎರಡು, 50 ಲಕ್ಷ ವೋಲ್ಟಿಗೆ ಎರಡು ಬ್ಲೇಡು ಒಂದಕ್ಕೊಂದು ಮುಟ್ಟುವ ಮಾತೇ ಇಲ್ಲ. ಇನ್ನೂ ಮಾರು ದೂರ ಇರುವಾಗಲೇ ಕಿಡಿ ಹಾರಿರುತ್ತದೆ. ಹೇಗೂ ಕಿಡಿಯೇ ಹಾರುವುದಾದರೆ ಆ ಕಿಡಿಯನ್ನೇ ಪಳಗಿಸೋಣ ಎಂದು ಹೊರಟವರು ಈ ಸ್ವಿಚ್ಚು ಮಾಡಿದರು.

ಈಗ ಅದನ್ನು ಮಾಡುವ ಕೆಲಸ ನಿಮಗೇ ಕೊಟ್ಟಿದ್ದಾರೆ ಅಂದುಕೊಳ್ಳಿ.

ಮೊದಲ ಪ್ರಶ್ನೆ, ಯಾವ ಗ್ಯಾಸ್? ಗಾಳಿ ಪುಕ್ಕಟೆ ಸಿಗುತ್ತದೆ. ಆದರೆ ಎಸ್‌ಎಫ್-6, ಅಂದರೆ ಸಲ್ಫರ್ ಹೆಕ್ಸಾಫ್ಲೋರೈಡ್, ಅದೇ ಒತ್ತಡದಲ್ಲಿ ಗಾಳಿಗಿಂತ ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ತಡೆಯುತ್ತದೆ. ಕಾರಣ ಹೇಳುತ್ತೇನೆ. ಗಾಳಿಮಾತು ಹಬ್ಬುವ ಊರಿನಲ್ಲಿ ಕೆಲವು ಹಿರಿಯರಿರುತ್ತಾರೆ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಾಗುವವರು. ಅವರು ಹೆಚ್ಚಿದ್ದರೆ ಮಾತು ಹಬ್ಬುವುದಿಲ್ಲ. ಎಸ್‌ಎಫ್-6 ಅಣುವೂ ಹಾಗೇ. ಓಡಿಬಂದ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೆಡ್ ಯಂತ್ರದ ಆ 36 ಸ್ವಿಚ್ಚುಗಳೊಳಗೆ ಒತ್ತಡ ಹಾಕಿ ತುಂಬಿರುವುದು ಇದನ್ನೇ.

ಎರಡನೆಯದು, ದೂರ ಎಷ್ಟು? ದೂರ ಜಾಸ್ತಿ ಇಟ್ಟರೆ ತಡೆಯುವುದು ಸುಲಭ. ಆದರೆ ಕಿಡಿಯ ದಾರಿ ಉದ್ದವಾದಷ್ಟೂ ಕರೆಂಟು ಏರುವುದು ತಡವಾಗುತ್ತದೆ. ತುಂಬಿದ ಗಾಡಿಯನ್ನು ಎತ್ತು ಎಳೆದ ತಕ್ಷಣ ಅದು ಓಡುವುದಿಲ್ಲವಲ್ಲ, ಹಾಗೆ. ಇದಕ್ಕೆ ಇಂಡಕ್ಟನ್ಸ್ ಅನ್ನುತ್ತಾರೆ. ದೂರ ಕಡಿಮೆ ಮಾಡಿ ಒತ್ತಡ ಹೆಚ್ಚಿಸಿದರೆ ಕರೆಂಟು ಬೇಗ ಏರುತ್ತದೆ, ಆದರೆ ಆ ಒತ್ತಡ ತಾಳುವಷ್ಟು ಗಟ್ಟಿ ಕವಚ ಬೇಕು. ಒಂದು ದೊಡ್ಡ ಕಿಡಿಯ ಬದಲು ಪಕ್ಕಪಕ್ಕ ಹಲವು ಕಿಡಿ ಹಾರಿಸಿದರೂ ಲಾಭವಿದೆ. ಒಂದೇ ಕಾಲುವೆಗಿಂತ ನಾಲ್ಕು ಕಾಲುವೆಯಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ದಂಡೆಯೂ ಕಡಿಮೆ ಕೊರೆಯುತ್ತದೆ. ಅದಕ್ಕೇ ಈ ಸ್ವಿಚ್ಚಿನಲ್ಲಿ ಒಂದೇ ದೊಡ್ಡ ಸಂದು ಬಿಡದೆ, ಬಳೆಗಳನ್ನು ಸಾಲಾಗಿ ಜೋಡಿಸಿದಂತೆ ಲೋಹದ ಉಂಗುರಗಳನ್ನಿಟ್ಟು ನಡುನಡುವೆ ಸಣ್ಣ ಸಣ್ಣ ಸಂದು ಬಿಟ್ಟಿರುತ್ತಾರೆ.

ಮೂರನೆಯದು ಲೋಹದ ಆಕಾರ. ಎಲ್ಲೂ ಚೂಪು ಇರಬಾರದು, ಗೀರು ಇರಬಾರದು. ಚೂಪಿರುವ ಕಡೆ ವಿದ್ಯುತ್ ಒತ್ತಡ ಒತ್ತರಿಸಿ ನಿಲ್ಲುತ್ತದೆ. ಪ್ರತಿ ಕಿಡಿಯೂ ಲೋಹದ ಮುಖವನ್ನು ಸ್ವಲ್ಪ ಸುಟ್ಟು ಸವೆಸುತ್ತದೆ. ಆದ್ದರಿಂದ ಇಂಥ ಸ್ವಿಚ್ಚುಗಳಲ್ಲಿ ತಾಮ್ರ ಮತ್ತು ಟಂಗ್‌ಸ್ಟನ್ ಬೆರೆಸಿದ ಲೋಹ ಬಳಸುವುದು ವಾಡಿಕೆ. ತಾಮ್ರ ಕರೆಂಟು ಹರಿಸುತ್ತದೆ, ಟಂಗ್‌ಸ್ಟನ್ ಬೆಂಕಿ ತಾಳುತ್ತದೆ.

ನಾಲ್ಕನೆಯದು ಕವಚ. ಒಳಗಿನ ಗ್ಯಾಸ್ ಎಷ್ಟೇ ಒಳ್ಳೆಯದಿರಲಿ, ಕವಚದ ಗೋಡೆಗುಂಟ ಕಿಡಿ ಹರಿದರೆ ಮುಗಿಯಿತು. ನಮ್ಮ ಕಂಬದ ಪಿಂಗಾಣಿಯ ಮೇಲೆ ಧೂಳು ಕೂತು, ಮೊದಲ ಮಳೆಗೆ ಒದ್ದೆಯಾಗಿ, ಚಿಟಚಿಟ ಎನ್ನುತ್ತದಲ್ಲ, ಅದೇ ರೋಗ. ಕಿಡಿ ಹಾರಿದಾಗ ಲೋಹದ ಪುಡಿ, ಸುಟ್ಟ ಗ್ಯಾಸಿನ ಬೂದಿ ಗೋಡೆಗೆ ಅಂಟುತ್ತದೆ. ಪ್ರಯೋಗ ಆದ ಮೇಲೆ ಹಳೆಯ ಗ್ಯಾಸ್ ತೆಗೆದು ಹೊಸದು ತುಂಬಬೇಕು. ಆಗಾಗ ಬಿಚ್ಚಿ ಒರೆಸಿ ಮತ್ತೆ ಜೋಡಿಸಬೇಕು. ಜೆಡ್ ಯಂತ್ರ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ ಹಾರುತ್ತದೆ. ಉಳಿದ ಹೊತ್ತೆಲ್ಲ ಒರೆಸುವುದು, ಬದಲಿಸುವುದು, ಜೋಡಿಸುವುದು.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು. ಬಾಗಿಲು ಹೇಳಿದ ಹೊತ್ತಿಗೇ ತೆರೆಯಬೇಕು. ಗ್ಯಾಸನ್ನು ಅದರ ಪಾಡಿಗೆ ಬಿಟ್ಟರೆ ಯಾವಾಗ ಒಡೆಯುತ್ತದೆಂದು ಖಚಿತವಿಲ್ಲ. ಮೊದಲ ಎಲೆಕ್ಟ್ರಾನ್ ಎಲ್ಲಿ ಹುಟ್ಟುತ್ತದೆ, ಯಾವಾಗ ಹುಟ್ಟುತ್ತದೆ ಎಂಬುದು ಅದೃಷ್ಟದ ಮಾತು. 36 ಸ್ವಿಚ್ಚುಗಳ ಹೊತ್ತು ಒಂದಕ್ಕೊಂದು ಕೆಲವೇ ನ್ಯಾನೊಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಬಾರದು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸಾಗುವುದೇ ಒಂದು ಅಡಿ. ಅಂದರೆ ಬೆಳಕು ಒಂದು ಮಂಚದ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಹೊತ್ತಿನೊಳಗೆ ಎಲ್ಲವೂ ಹಿಡಿದಿಟ್ಟಂತೆ ತೆರೆದುಕೊಳ್ಳಬೇಕು.

ಆದ್ದರಿಂದ ಪ್ರತಿ ಸ್ವಿಚ್ಚಿಗೂ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ ಲೇಸರ್ ಹೊಡೆಯುತ್ತಾರೆ. ಅದು ಸ್ವಿಚ್ಚಿನ ಒಂದು ಸಂದಿನೊಳಗೆ ಗ್ಯಾಸನ್ನು ಸುಟ್ಟು ಎಲೆಕ್ಟ್ರಾನುಗಳ ಒಂದು ಸಣ್ಣ ದಾರಿ ಮಾಡುತ್ತದೆ. ಆ ಸಂದು ಒಡೆದ ಕೂಡಲೇ ಅದರ ಪಾಲಿನ ಭಾರವೂ ಉಳಿದ ಸಂದುಗಳ ಮೇಲೆ ಬೀಳುತ್ತದೆ. ಅವು ತಾಳಲಾರದೆ ಒಂದರ ಹಿಂದೊಂದು ಒಡೆಯುತ್ತವೆ.

ಇಲ್ಲೊಂದು ಇಕ್ಕಟ್ಟಿದೆ, ನನಗೆ ಬಹಳ ಹಿಡಿಸಿದ್ದು ಇದೇ. ಗ್ಯಾಸಿನ ಒತ್ತಡ ಕಡಿಮೆ ಇಟ್ಟರೆ ಸ್ವಿಚ್ಚು ಒಡೆಯುವ ಅಂಚಿನಲ್ಲೇ ನಿಂತಿರುತ್ತದೆ. ಲೇಸರ್ ಸೋಕಿದ ತಕ್ಷಣ ತೆರೆಯುತ್ತದೆ, ಆದರೆ ಲೇಸರ್ ಬರುವ ಮೊದಲೇ ತಾನಾಗಿ ಒಡೆದುಬಿಡುವ ಭಯವೂ ಇದೆ. ಒತ್ತಡ ಜಾಸ್ತಿ ಇಟ್ಟರೆ ತಾನಾಗಿ ಒಡೆಯುವುದಿಲ್ಲ, ಆದರೆ ಕರೆದಾಗಲೂ ತಡಮಾಡುತ್ತದೆ, ಒಂದೊಂದು ಸಲ ಒಂದೊಂದು ಹೊತ್ತು. ಮುಂಗೋಪಿಯೂ ಬೇಡ, ಮಂದನೂ ಬೇಡ. ಎರಡರ ನಡುವಿನ ಜಾಗವನ್ನು ನೂರಾರು ಸಲ ಹಾರಿಸಿ ನೋಡಿಯೇ ಹುಡುಕಬೇಕು.

ಒಂದು ಸ್ವಿಚ್ಚು ಚೆನ್ನಾಗಿದ್ದರೆ ಸಾಲದು ಎಂಬುದಕ್ಕೆ ನಾನೇ ಒಂದು ಲೆಕ್ಕ ಹಾಕಿ ನೋಡಿದೆ. ಒಂದೊಂದು ಸ್ವಿಚ್ಚೂ ನೂರರಲ್ಲಿ 99 ಸಲ ಸರಿಯಾಗಿ ಕೆಲಸ ಮಾಡುತ್ತದೆ ಅಂದುಕೊಳ್ಳಿ. ನೂರಕ್ಕೆ 99 ಅಂದರೆ ನಮ್ಮಲ್ಲಿ ರ್‍ಯಾಂಕು. ಆದರೆ 36ಕ್ಕೆ 36ನ್ನೂ ಒಟ್ಟಿಗೆ ಹಾರಿಸಿದರೆ ಎಲ್ಲವೂ ಸರಿಹೋಗುವುದು ನೂರರಲ್ಲಿ 70 ಸಲ ಮಾತ್ರ. ಹತ್ತರಲ್ಲಿ ಮೂರು ಪ್ರಯೋಗದಲ್ಲಿ ಎಲ್ಲೋ ಒಂದು ಕಡೆ ತೊಡಕು ಬರುತ್ತದೆ. ಸಾವಿರಕ್ಕೆ 999 ಸಲ ಸರಿಯಿದ್ದರೆ ಮಾತ್ರ ನೂರರಲ್ಲಿ 96 ಪ್ರಯೋಗ ದಕ್ಕುತ್ತವೆ. ಮದುವೆ ಮನೆಯಲ್ಲಿ ಅಡುಗೆ ಎಲ್ಲ ಚೆನ್ನಾಗಿದ್ದು ಸಾರಿಗೆ ಉಪ್ಪು ಮರೆತರೆ ಜನ ಮಾತಾಡುವುದು ಸಾರಿನ ಬಗ್ಗೆಯೇ ಅಲ್ಲವೆ?

ಇಷ್ಟೆಲ್ಲ ಯಾಕೆ? 36 ದಾರಿಯ ಕರೆಂಟು ನಡುವಿಗೆ ಬಂದು ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ತಂತಿಗಳ ಗೊಂಚಲಿನಲ್ಲಿ ಹರಿದರೆ ತಂತಿ ಆವಿಯಾಗಿ ಪ್ಲಾಸ್ಮಾ ಆಗುತ್ತದೆ. ಆ ಕರೆಂಟಿನದೇ ಕಾಂತಶಕ್ತಿ ಪ್ಲಾಸ್ಮಾವನ್ನು ಕಬ್ಬು ಹಿಂಡಿದಂತೆ ಹಿಂಡುತ್ತದೆ. ಭಾರೀ ಎಕ್ಸ್-ರೇ ಹೊಮ್ಮುತ್ತದೆ. ನಕ್ಷತ್ರದೊಳಗೆ ವಸ್ತು ಹೇಗಿರುತ್ತದೆ, ಸೂರ್ಯನಲ್ಲಿ ನಡೆಯುವ ಸಮ್ಮಿಲನವನ್ನು ಭೂಮಿಯ ಮೇಲೆ ಮಾಡಬಹುದೇ ಎಂದು ಇದರಿಂದ ನೋಡುತ್ತಾರೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸ್ಯಾಂಡಿಯಾ ಅಮೆರಿಕದ ಅಣ್ವಸ್ತ್ರಗಳ ಪ್ರಯೋಗಾಲಯಗಳಲ್ಲಿ ಒಂದು. ಬಾಂಬು ಸಿಡಿಸದೆಯೇ ಅವುಗಳ ಸ್ಥಿತಿ ತಿಳಿಯುವುದು ಕೂಡ ಆ ಯಂತ್ರದ ಕೆಲಸ. ಸೂರ್ಯನನ್ನು ತಿಳಿಯುವ ಆಸೆಯೂ ಬಾಂಬಿನ ಲೆಕ್ಕವೂ ಒಂದೇ ಸ್ವಿಚ್ಚಿನ ಮೂಲಕ ಹಾದುಹೋಗುತ್ತವೆ.

ಎಸ್‌ಎಫ್-6ಗೂ ಇನ್ನೊಂದು ಮುಖವಿದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 23,500 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಒಂದು ಕೆಜಿ ಸೋರಿದರೆ 23 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಗಾಳಿಗಿಂತ ಐದು ಪಟ್ಟು ಭಾರ, ಆದ್ದರಿಂದ ಸೋರಿದರೆ ತಗ್ಗಿನಲ್ಲಿ, ಕೇಬಲ್ ಗುಂಡಿಯಲ್ಲಿ ತುಂಬಿಕೊಂಡು ಉಸಿರಾಡುವ ಗಾಳಿಯನ್ನು ಹೊರದೂಡುತ್ತದೆ. ಕಿಡಿಯಲ್ಲಿ ಸುಟ್ಟಾಗ ಅದರಿಂದ ವಿಷದ ಅನಿಲಗಳೂ ಹುಟ್ಟುತ್ತವೆ. ಯುರೋಪ್ ಒಕ್ಕೂಟ 2024ರಲ್ಲಿ ಕಾನೂನು ಮಾಡಿ, 24 ಕೆವಿ ವರೆಗಿನ ಹೊಸ ಸ್ವಿಚ್‌ಗೇರುಗಳಲ್ಲಿ ಇದರ ಬಳಕೆಯನ್ನು 2026ರಿಂದ ನಿಷೇಧಿಸಿದೆ. ಪ್ಲಾಸ್ಮಾ ಪ್ರಯೋಗದವರೂ ಬೇರೆ ದಾರಿ ಹುಡುಕಿದ್ದಾರೆ. ರಷ್ಯಾದ ತೋಮ್ಸ್ಕ್ ಊರಿನ ಸಂಸ್ಥೆಯೊಂದರಲ್ಲಿ ಬೆಳೆದ ಹೊಸ ವಿಧಾನದಲ್ಲಿ 50 ಲಕ್ಷ ವೋಲ್ಟಿನ ಒಂದು ದೊಡ್ಡ ಸ್ವಿಚ್ಚಿನ ಬದಲು ಸುಮಾರು 2 ಲಕ್ಷ ವೋಲ್ಟಿನ ಚಿಕ್ಕ ಸ್ವಿಚ್ಚುಗಳನ್ನು ಬಳಸುತ್ತಾರೆ. ಎರಡು ಕೆಪಾಸಿಟರಿಗೆ ಒಂದು ಸ್ವಿಚ್ಚು. ಅದರೊಳಗೆ ತೇವ ತೆಗೆದ ಗಾಳಿಯೇ ಸಾಕು. ಆದರೆ ದೊಡ್ಡ ಯಂತ್ರಕ್ಕೆ ಅಂಥವು ಸಾವಿರಾರು ಬೇಕು. ಮೇಲಿನ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ನಮ್ಮ ದೇಶದಲ್ಲೂ ಈ ಕೆಲಸವಿದೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ‘ಕಾಳಿ-5000’ ಯಂತ್ರ ಮಾರ್ಕ್ಸ್ ಜನರೇಟರಿನಿಂದಲೇ ನಡೆಯುವಂಥದ್ದು. ಅದು ದೇವಿಯ ಹೆಸರಲ್ಲ, ‘ಕಿಲೋ ಆಂಪಿಯರ್ ಲೀನಿಯರ್ ಇಂಜೆಕ್ಟರ್’ ಎಂಬುದರ ಚಿಕ್ಕರೂಪ. ಬೆಂಗಳೂರಿನಲ್ಲಿ 1960ರಿಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಿದೆ. ಲೈನಿಗೆ ಹಾಕುವ ಪಿಂಗಾಣಿ, ಟ್ರಾನ್ಸ್‌ಫಾರ್ಮರ್ ಮುಂತಾದವು ಸಿಡಿಲು ತಾಳುತ್ತವೆಯೇ ಎಂದು ಅಲ್ಲಿ ಕೃತಕ ಸಿಡಿಲು ಹೊಡೆದು ನೋಡುತ್ತಾರೆ. ಆ ಸಿಡಿಲು ಹುಟ್ಟಿಸುವುದೂ ಎರ್ವಿನ್ ಮಾರ್ಕ್ಸರ ಅದೇ ಉಪಾಯದಿಂದ. ಪ್ಲಾಸ್ಮಾ ಯಂತ್ರ ದೂರದ್ದಿರಬಹುದು, ಅದರ ದಾಯಾದಿ ನಮ್ಮ ಕಂಬದ ಪಿಂಗಾಣಿಯನ್ನು ಪರೀಕ್ಷಿಸುತ್ತಿದೆ.

ಜೆಡ್ ಬಗ್ಗೆ ಓದುತ್ತಿರುವಾಗ ಒಂದು ವಿವರಕ್ಕೆ ಬಂದು ನಿಂತುಬಿಟ್ಟೆ. ಇಂಥ ಯಾವ ಪ್ರಯೋಗಾಲಯದಲ್ಲೂ ಕೆಪಾಸಿಟರ್ ಖಾಲಿಯಾಗಿದೆ ಎಂದು ಮೀಟರು ತೋರಿಸಿದರೂ ನಂಬುವುದಿಲ್ಲ. ಉದ್ದನೆಯ ಒಣ ಕೋಲಿನ ತುದಿಗೆ ಲೋಹದ ಕೊಕ್ಕೆ ಕಟ್ಟಿ, ಆ ಕೊಕ್ಕೆಯಿಂದ ಭೂಮಿಗೆ ತಂತಿ ಬಿಟ್ಟಿರುತ್ತಾರೆ. ಮೊದಲು ಆ ಕೊಕ್ಕೆ ಮುಟ್ಟಿಸಬೇಕು, ಆಮೇಲೆ ಕೈ. ಇದನ್ನು ಹೇಳಿದಾಗ ಮಾವ ಅಟ್ಟದ ಕಡೆ ಕೈ ತೋರಿಸಿದರು. ಅಲ್ಲಿ ಅವರ ಹಳೆಯ ಡಿಸ್ಚಾರ್ಜ್ ರಾಡು ಇತ್ತು. ಅದೇ ಕೋಲು, ಅದೇ ಕೊಕ್ಕೆ, ಅದೇ ತಂತಿ. ‘ಅಲ್ಲಿನವರಿಗೂ ಇದೇನಾ?’ ಎಂದು ಕೇಳಿ ಸುಮಾರು ಹೊತ್ತು ಸುಮ್ಮನೆ ಕೂತರು.

ಆಮೇಲೆ ಹೇಳಿದರು. ಅವರ ಜೊತೆಗೇ ಕೆಲಸಕ್ಕೆ ಸೇರಿದ ಒಬ್ಬರಿದ್ದರು. ಸಂಜೆಯ ಹೊತ್ತು ಹಿಡಿಕೆ ಎಳೆದು ಕಂಬ ಹತ್ತಿದರು. ಮೇಲೆ ಎರಡು ಬ್ಲೇಡು ತೆರೆದಿದ್ದವು. ಮೂರನೆಯದು ಕಚ್ಚಿಕೊಂಡಿತ್ತು, ಕೊಂಬೆಯ ಮರೆಯಲ್ಲಿ ಕಾಣಲಿಲ್ಲ. ಅವತ್ತು ಅವರು ಮನೆಗೆ ಬರಲಿಲ್ಲ. ಮಗುವಿಗೆ ಆಗಿನ್ನೂ ಹೆಸರಿಟ್ಟಿರಲಿಲ್ಲವಂತೆ. ‘ಹಿಡಿಕೆ ಎಳೆದರೆ ತೆರೀತು ಅಂತಲ್ಲ ಕಣೋ. ಮೂರೂ ಬಾಯಿ ಬಿಟ್ಟದ್ದು ಕಣ್ಣಿಗೆ ಕಾಣಬೇಕು. ಕಂಡ ಮೇಲೂ ರಾಡು ಹಾಕಬೇಕು. ಎಲ್ಲೋ ಒಬ್ಬ ಜನರೇಟರ್ ಹಾಕಿರುತ್ತಾನೆ, ಟಿಸಿ ಮೂಲಕ ಅದು ಹಿಂದಕ್ಕೆ ಬಂದು 11 ಸಾವಿರ ಆಗಿ ನಿಂತಿರುತ್ತೆ.’

36 ಸ್ವಿಚ್ಚುಗಳಲ್ಲಿ ಒಂದು ಎಡವಿದರೆ ಒಂದು ಪ್ರಯೋಗ ಹಾಳಾಗುತ್ತದೆ, ನಾಳೆ ಮತ್ತೆ ಹಾರಿಸಬಹುದು. ಮೂರು ಬ್ಲೇಡುಗಳಲ್ಲಿ ಒಂದು ಎಡವಿದರೆ ನಾಳೆ ಇಲ್ಲ. ಅಲ್ಲಿ ಆ 36ನ್ನು ಕಾಯಲು ಲೇಸರುಗಳಿವೆ, ಪಿಎಚ್‌ಡಿ ಮಾಡಿದವರಿದ್ದಾರೆ, ಪ್ರತಿ ಸೋಲಿಗೂ ಒಂದು ವರದಿಯಿದೆ. ನಮ್ಮಲ್ಲಿ ಟಿಸಿ ಫ್ಯೂಸು ಹೋದಾಗ ಕಾಯುವುದು ಯಾರು? ಬೆಳೆ ಒಣಗುತ್ತಿದೆ, ತ್ರೀ ಫೇಸ್ ಇರುವುದು ಕೆಲವೇ ಗಂಟೆ, ಲೈನ್‌ಮನ್ ಇನ್ನೊಂದು ಊರಿನಲ್ಲಿದ್ದಾರೆ. ಆಗ ಊರಿನ ಚುರುಕಾದ ಹುಡುಗನೊಬ್ಬ ಹಿಡಿಕೆ ಎಳೆದು ಫ್ಯೂಸ್ ಕಟ್ಟಲು ಹೋಗುತ್ತಾನೆ. ಎಲ್ಲರೂ ಅವನನ್ನು ಹೊಗಳುತ್ತಾರೆ. ಅಂಥ ಹುಡುಗರ ಸುದ್ದಿಯನ್ನು ನಾನು ಬರೆದಿದ್ದೇನೆ. ‘ವಿದ್ಯುತ್ ಸ್ಪರ್ಶಿಸಿ ಯುವಕ ಸಾವು’ ಎಂಬ ತಲೆಬರಹದಡಿ ನಾಲ್ಕೇ ಸಾಲು. ಆ ನಾಲ್ಕು ಸಾಲಿನಲ್ಲಿ ಗಾಳಿ ಎಷ್ಟು ತಡೆಯುತ್ತದೆ, ಬ್ಲೇಡು ಯಾಕೆ ಕಚ್ಚಿಕೊಳ್ಳುತ್ತದೆ, ಜನರೇಟರ್ ಹೇಗೆ ಕೊಲ್ಲುತ್ತದೆ ಎಂದು ಬರೆಯಲು ಜಾಗವಿರುವುದಿಲ್ಲ. ಇಲ್ಲಿ ಜಾಗವಿದೆ, ಅದಕ್ಕೇ ಇಷ್ಟುದ್ದ ಬರೆದೆ.

ಮುಂಗಾರು ಹತ್ತಿರ ಬರುತ್ತಿದೆ. ಗಾಳಿ ಮಳೆಗೆ ಫ್ಯೂಸು ಹೋಗುತ್ತದೆ, ತಂತಿ ಜೋತುಬೀಳುತ್ತದೆ. ಟಿಸಿ ಹತ್ತಿರ ಹೋಗಬೇಡಿ, ಹುಡುಗರನ್ನೂ ಕಳಿಸಬೇಡಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮನೆಯಲ್ಲಿ, ತೋಟದಲ್ಲಿ ಜನರೇಟರ್ ಇದ್ದರೆ ಮೇನ್ ಆಫ್ ಮಾಡದೆ ಹಾಕಬೇಡಿ. ಲೈನಿನ ಕರೆಂಟು, ಜನರೇಟರ್ ಎರಡೂ ಕೂಡದಂತೆ ಎಲೆಕ್ಟ್ರಿಷಿಯನ್ ಹತ್ತಿರ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ನಿಮ್ಮೂರಿನ ಲೈನ್‌ಮನ್ ಕಂಬದ ಕೆಳಗೆ ನಿಂತು ಮೇಲೆ ನೋಡುತ್ತಾ ತಡಮಾಡುತ್ತಿದ್ದರೆ ಬೇಗ ಹತ್ತಪ್ಪ ಎಂದು ಅವಸರ ಮಾಡಬೇಡಿ. ಅವರು ಮೂರು ಬ್ಲೇಡು ಎಣಿಸುತ್ತಿರುತ್ತಾರೆ.